ಬೂದಿದಿಬ್ಬದ ರಕ್ಕಸ



ವಿಜ್ಞಾನ ಕಥೆಗಳ ಹುಚ್ಚು ನನಗೆ ಹತ್ತಿದ್ದು ನಮ್ಮ ಕುಡತಿನಿಯ ಬೂದಿದಿಬ್ಬದ ಮೇಲೆ. ರಕ್ಕಸನನ್ನು ಸುಟ್ಟ ಬೂದಿ ಅದು ಎನ್ನುತ್ತಿದ್ದರು ಹಿರಿಯರು. ಅಲ್ಲಿಂದ ತಂದ ಕಿಟ್ಟದ ಚೂರನ್ನು ರಕ್ಕಸನ ಎಲುಬು ಎಂದು ತರಗತಿಯಲ್ಲಿ ತೋರಿಸುತ್ತಿದ್ದೆ. ಮುಂದೆ ರಾಜಶೇಖರ ಭೂಸನೂರಮಠರ ವಿಜ್ಞಾನ ಕಥೆಗಳನ್ನು, ತೇಜಸ್ವಿಯವರ ‘ಕರ್ವಾಲೊ’ವನ್ನು ಓದುವಾಗಲೂ ಆ ಚೂರೇ ನೆನಪಾಗುತ್ತಿತ್ತು.

ಕಥೆ ಕಟ್ಟಿದವರು ನಾವಷ್ಟೇ ಅಲ್ಲ. 19ನೇ ಶತಮಾನದ ವಿದ್ವಾಂಸರಲ್ಲಿ ಕೆಲವರು ಇಂಥ ದಿಬ್ಬಗಳನ್ನು ಜ್ವಾಲಾಮುಖಿಯ ಕುರುಹೆಂದರು, ಕೆಲವರು ಕುಲುಮೆಯ ಕಿಟ್ಟವೆಂದರು, ಕೆಲವರು ಸಾಮೂಹಿಕ ಚಿತೆಯೆಂದರು. ರಾಬರ್ಟ್ ಬ್ರೂಸ್ ಫೂಟ್ ಇದು ದನದ ಸಗಣಿಯ ಬೂದಿ ಎಂದರು. ಸಗಣಿ ಸುಟ್ಟರೆ ಗಾಜಿನಂಥ ಕಿಟ್ಟವಾದೀತೇ?

1957ರಲ್ಲಿ ಆಲ್ಚಿನ್ ಅವರು ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆಸಿದಾಗ ದನದ ದೊಡ್ಡಿಯ ಬೇಲಿಯ ಗುರುತು, ಗೊರಸಿನ ಅಚ್ಚು ಸಿಕ್ಕವು. ಝೈನರ್ ಎಂಬ ವಿಜ್ಞಾನಿ ಕುಡತಿನಿಯ ಬೂದಿಯನ್ನೇ ಪರೀಕ್ಷಿಸಿ, ಬಹಳ ಕಾವಿನಲ್ಲಿ ಉರಿದ ಸಗಣಿ ಹೀಗೆ ಕರಗಿ ಗಟ್ಟಿಯಾಗುತ್ತದೆಂದು 1960ರಲ್ಲಿ ಬರೆದರು. ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳ ಗುರುತು ಇದು! ಅಷ್ಟು ಸಗಣಿಯನ್ನು ಸುಟ್ಟದ್ದು ಹಬ್ಬಕ್ಕೋ, ದನಗಳ ರೋಗಕ್ಕೋ? ಆ ಚರ್ಚೆ ಇನ್ನೂ ಮುಗಿದಿಲ್ಲ. ಮುಗಿಸುವವರು ಈ ಶಾಲೆಯ ಮಕ್ಕಳೇ ಏಕಾಗಬಾರದು?

ಅದಕ್ಕೆ ದಿಬ್ಬ ಉಳಿಯಬೇಕು. ಎಷ್ಟೋ ಊರುಗಳಲ್ಲಿ ಇಂಥ ಬೂದಿ ಗೊಬ್ಬರವಾಗಿ ಹೊಲ ಸೇರಿದೆ. ನಾನೂ ಒಂದು ಚೂರು ಕದ್ದವನೇ. ಇಂದು ಅದನ್ನು ಕರವಸ್ತ್ರದಲ್ಲಿ ಕಟ್ಟಿ ತಂದಿದ್ದೇನೆ, ಗುರುಗಳೇ. ಶಾಲೆಯ ಪ್ರಯೋಗಾಲಯದಲ್ಲಿ ಇಟ್ಟುಕೊಳ್ಳಿ. ರಕ್ಕಸನ ಕಥೆಯನ್ನೂ ಮಕ್ಕಳಿಗೆ ತಪ್ಪದೆ ಹೇಳಿ.