ದೇವನಹಳ್ಳಿಯ ಕೋಟೆಯೂ ಅಮೆರಿಕಾ ದೇಶದ ವ್ಯಾಸಂಗವೂ



ದೇವನಹಳ್ಳಿಯ ಗೃಹಸ್ಥರೊಬ್ಬರು ನಮ್ಮನ್ನು ಒಮ್ಮೆ ಹೀಗೆ ಕೇಳಿದರು: “ಸ್ವಾಮಿ, ನಮ್ಮ ಹುಡುಗ ಅಮೆರಿಕಾಕ್ಕೆ ಹೋಗಿ ಯಂತ್ರವಿದ್ಯೆಯನ್ನು ಕಲಿತರೆ ಅನ್ನವುಂಟು. ಅವನಾದರೋ ಆ ದೇಶದ ಚರಿತ್ರೆಯನ್ನೂ ಸಾಹಿತ್ಯವನ್ನೂ ಓದುತ್ತೇನೆ ಎನ್ನುತ್ತಾನೆ. ಅದರಿಂದ ನಮಗೇನು ಬಂತು?” ತಂದೆಯಾದವನ ಈ ಕಳವಳವನ್ನು ನಗೆಯಿಂದ ತಳ್ಳಿಹಾಕುವುದು ಸಲ್ಲದು. ಆದರೆ ಅವರು ಈ ಮಾತನ್ನಾಡಿದ್ದು ಕೋಟೆಯ ಬಾಗಿಲಿನ ಬಳಿಯಲ್ಲಿ. ಉತ್ತರವು ಅವರ ಬೆನ್ನ ಹಿಂದೆಯೇ ನಿಂತಿದ್ದಿತು.

1501ರಲ್ಲಿ ಆವತಿಯ ಪ್ರಭುಗಳ ಮನೆತನದ ಮಲ್ಲಬೈರೇಗೌಡನು ಅಲ್ಲಿ ಮಣ್ಣಿನ ಕೋಟೆಯನ್ನು ಕಟ್ಟಿಸಿದನು. 1749ರಲ್ಲಿ ಮೈಸೂರಿನ ಸೈನ್ಯವು ಅದನ್ನು ಮುತ್ತಿದಾಗ ಹೈದರಲ್ಲಿಯ ಪರಾಕ್ರಮವು ಮೊದಲು ಬೆಳಕಿಗೆ ಬಂದಿತು. ಟಿಪ್ಪು ಸುಲ್ತಾನನು ಹುಟ್ಟಿದ್ದು ಅಲ್ಲಿಯೇ. ಮಣ್ಣಿನ ಗೋಡೆಯು ಕಲ್ಲಿನದಾದದ್ದು ಈ ತಂದೆಮಕ್ಕಳ ಕಾಲದಲ್ಲಿ. 1791ರಲ್ಲಿ ಆ ಕೋಟೆಯು ಕಾರನ್‌ವಾಲಿಸನ ವಶವಾಯಿತು. ಇಷ್ಟನ್ನು ನಮ್ಮ ಹುಡುಗರೆಲ್ಲರೂ ಶಾಲೆಯಲ್ಲಿ ಓದುತ್ತಾರೆ.

ಆದರೆ ಈ ಕಾರನ್‌ವಾಲಿಸನು ಎಲ್ಲಿಂದ ಬಂದವನು? ಹತ್ತು ವರ್ಷಗಳ ಹಿಂದೆ, ಎಂದರೆ 1781ರ ಅಕ್ಟೋಬರಿನಲ್ಲಿ, ಅಮೆರಿಕಾದ ಯಾರ್ಕ್‌ಟೌನಿನಲ್ಲಿ ವಾಷಿಂಗ್ಟನನಿಗೂ ಅವನ ಮಿತ್ರರಾದ ಫ್ರೆಂಚರಿಗೂ ಸೈನ್ಯಸಮೇತನಾಗಿ ಶರಣಾದ ಸೇನಾಪತಿಯೇ ಈತ! ಅಲ್ಲಿ ಸೋತವನು 1786ರಲ್ಲಿ ಇಲ್ಲಿಗೆ ಗವರ್ನರ್ ಜನರಲ್ ಆಗಿ ಬಂದನು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪುವಿನ ಅರ್ಧರಾಜ್ಯವನ್ನು ತೆಗೆಸಿ, ಅವನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದನು. ಒಂದೇ ಮನುಷ್ಯನ ಜೀವನದಲ್ಲಿ ಒಂದು ದೇಶದ ಸ್ವಾತಂತ್ರ್ಯವೂ ಇನ್ನೊಂದು ದೇಶದ ಪರಾಭವವೂ ಸೇರಿಕೊಂಡಿವೆ. ನಾವು ಎರಡನ್ನೂ ಎರಡು ಪುಸ್ತಕಗಳಲ್ಲಿ ಓದಿದೆವು. ಒಟ್ಟಿಗೆ ಇಟ್ಟು ನೋಡಲಿಲ್ಲ.

ಆ ಕಡೆಯವರು ನಮ್ಮನ್ನು ಅರಿಯದೆ ಇರಲಿಲ್ಲ. 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ವ್ಯಾಪಾರವನ್ನು ಕಾಯುವುದಕ್ಕಾಗಿ ಸಜ್ಜುಗೊಳಿಸಿದ ಯುದ್ಧನೌಕೆಯೊಂದಕ್ಕೆ ಹೈದರಲ್ಲಿಯ ಹೆಸರನ್ನೇ ಇಟ್ಟರು. ಜೋಷುವಾ ಬಾರ್ನಿ ಎಂಬ ನಾವಿಕನ ಕೈಯಲ್ಲಿ ಆ ಹಡಗು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ ಇಂಗ್ಲಿಷ್ ಹಡಗನ್ನು ಸೆರೆಹಿಡಿಯಿತು; ಫಿಲಿಪ್ ಫ್ರೆನೋ ಎಂಬ ಕವಿಯು ಅದನ್ನು ಹಾಡಿದನು. ಮುಂದೆ ಇಂಗ್ಲಿಷರು ಮೈಸೂರಿನ ಬಾಣಗಳನ್ನು ನೋಡಿ ಕಲಿತು ಕಾನ್‌ಗ್ರೀವ್ ಬಾಣಗಳನ್ನು ಮಾಡಿ, 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಎಸೆದರು. ಆ ರಾತ್ರಿಯ ಬಾಣಗಳ ಕೆಂಪು ಬೆಳಕು ಇಂದಿಗೂ ಅಮೆರಿಕಾದ ರಾಷ್ಟ್ರಗೀತೆಯಲ್ಲಿದೆ. ಕನ್ನಡ ನಾಡಿನ ಕಿಡಿಯೊಂದು ಅಲ್ಲಿ ಹೀಗೆ ಉಳಿದಿರುವುದನ್ನು ತಿಳಿಯಲು ಅವರ ಚರಿತ್ರೆಯನ್ನು ಓದಬೇಕಾಗುತ್ತದೆ.

ಇನ್ನು ಈ ವ್ಯಾಸಂಗದ ಕ್ರಮವನ್ನು ನೋಡೋಣ. ಒಂದು ದೇಶದ ಚರಿತ್ರೆ, ಸಾಹಿತ್ಯ, ಜನಜೀವನ ಇವುಗಳನ್ನು ಬೇರೆಬೇರೆ ಕೋಣೆಗಳಲ್ಲಿ ಇಡದೆ ಒಟ್ಟಾಗಿ ಅಭ್ಯಸಿಸುವ ಪದ್ಧತಿಯು 1930ರ ದಶಕದಲ್ಲಿ ಹಾರ್ವರ್ಡ್ ಮೊದಲಾದ ವಿಶ್ವವಿದ್ಯಾನಿಲಯಗಳಲ್ಲಿ ಬೇರೂರಿತು. ಅದರ ಗುಣವನ್ನು ಒಂದು ಉದಾಹರಣೆಯಿಂದ ಹೇಳಬಹುದು. ಎಲ್ಲ ಮನುಷ್ಯರೂ ಸಮಾನರೆಂದು 1776ರಲ್ಲಿ ಸಾರಿದ ಘೋಷಣೆಯನ್ನು ಬರೆದ ಜೆಫರ್ಸನನೇ ನೂರಾರು ಗುಲಾಮರ ಒಡೆಯನಾಗಿದ್ದನು. ರಾಜಕೀಯ ಚರಿತ್ರೆಯನ್ನು ಮಾತ್ರ ಓದಿದವನಿಗೆ ಘೋಷಣೆ ಕಾಣುತ್ತದೆ. ಗುಲಾಮಗಿರಿಯಿಂದ ಪಾರಾದ ಫ್ರೆಡರಿಕ್ ಡಗ್ಲಸನು 1845ರಲ್ಲಿ ಪ್ರಕಟಿಸಿದ ಆತ್ಮಕಥೆಯನ್ನೂ ಓದಿದವನಿಗೆ ಚಾಟಿಯ ಸದ್ದೂ ಕೇಳುತ್ತದೆ. ಗುಲಾಮಗಿರಿಯು ಶಾಸನದಿಂದ ತೊಲಗಿದ್ದು 1865ರಲ್ಲಿ; ಮನಸ್ಸಿನಿಂದ ತೊಲಗಲು ಅಷ್ಟು ಸಾಲಲಿಲ್ಲ.

ಇದು ಪರರ ದೋಷವನ್ನು ಎಣಿಸುವ ವಿನೋದವಲ್ಲ. 1913ರಿಂದ 1916ರ ಪರ್ಯಂತ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ವ್ಯಾಸಂಗ ಮಾಡಿದ ಡಾಕ್ಟರ್ ಅಂಬೇಡ್ಕರರು 1946ರಲ್ಲಿ ನೀಗ್ರೋ ಜನಾಂಗದ ವಿದ್ವಾಂಸರಾದ ಡುಬಾಯ್ಸ್ ಅವರಿಗೆ ಕಾಗದ ಬರೆದು, ಅವರ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಎತ್ತಿ ಹೇಳಿದರು. ಅಮೆರಿಕಾದ ಚರಿತ್ರೆಯನ್ನು ಓದಿ ನಮ್ಮ ಊರಿನ ಕೇರಿಗಳು ನೆನಪಿಗೆ ಬಾರದೆ ಹೋದರೆ ನಾವು ಓದಿದ್ದು ವ್ಯರ್ಥವೆಂದೇ ಭಾವಿಸಬೇಕು.

ಸಾಹಿತ್ಯದಲ್ಲಿಯೂ ಕೊಡುಕೊಳುವಿಕೆ ಇದೆ. ಎಮರ್ಸನನು ಉಪನಿಷತ್ತಿನ ಭಾವವನ್ನು ತನ್ನ ಕವಿತೆಗೆ ತಂದನು. ಥೋರೋ ಕೊಳದ ಬದಿಯ ಗುಡಿಸಲಿನಲ್ಲಿ ಭಗವದ್ಗೀತೆಯನ್ನು ಓದಿದನು. ಅನ್ಯಾಯದ ಸರ್ಕಾರಕ್ಕೆ ತಲೆಬಾಗಬಾರದೆಂಬ ಅವನ ಪ್ರಬಂಧವನ್ನು ದಕ್ಷಿಣ ಆಫ್ರಿಕಾದಲ್ಲಿದ್ದ ಗಾಂಧೀಜಿಯವರು ಓದಿದರು. ಗಾಂಧೀಮಾರ್ಗವನ್ನರಸಿ ಮಾರ್ಟಿನ್ ಲೂಥರ್ ಕಿಂಗರು 1959ರಲ್ಲಿ ಭಾರತಕ್ಕೆ ಬಂದರು. ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಸಿ. ಡಿ. ನರಸಿಂಹಯ್ಯನವರು ಕೇಂಬ್ರಿಜಿನ ಬಳಿಕ ಪ್ರಿನ್ಸ್‌ಟನ್ನಿನಲ್ಲಿಯೂ ಅಭ್ಯಾಸ ಮಾಡಿ ಬಂದು, ಇಂಗ್ಲಿಷ್ ಎಂದರೆ ಇಂಗ್ಲೆಂಡಿನದು ಮಾತ್ರವೆಂದಿದ್ದ ತರಗತಿಗೆ ಅಮೆರಿಕಾದ ಗ್ರಂಥಗಳನ್ನು ತಂದರು. ಮೈಸೂರಿನವರೇ ಆದ ಎ. ಕೆ. ರಾಮಾನುಜನ್ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿದ್ದುಕೊಂಡು 1973ರಲ್ಲಿ ಬಸವಣ್ಣ, ಅಕ್ಕಮಹಾದೇವಿಯರ ವಚನಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ತನ್ನ ಮನೆಯ ಸೊತ್ತನ್ನು ಅರಿತು ಹೋದವನು ಕೊಟ್ಟೂ ಬರುತ್ತಾನೆ. ಅರಿಯದೆ ಹೋದವನು ಬೇಡಿ ಮಾತ್ರ ಬರುತ್ತಾನೆ.

ಅಷ್ಟೇಕೆ? ನಮ್ಮ ಸಾರಿನ ಮೆಣಸಿನಕಾಯಿ, ಪಲ್ಯದ ಆಲೂಗೆಡ್ಡೆ, ಹೊಲದ ಕಡಲೆಕಾಯಿ, ಹಿತ್ತಲಿನ ಸೀಬೆ ಇವೆಲ್ಲವೂ ಆ ಖಂಡದಿಂದ ಬಂದವು. ದೇವನಹಳ್ಳಿಯ ಹೆಸರನ್ನು ಹೊತ್ತ ಚಕ್ಕೋತವಾದರೂ ಮೂಲತಃ ಕಡಲಾಚೆಯ ಪೂರ್ವದೇಶದ್ದು. ನೆಲಕ್ಕೆ ಒಗ್ಗಿದ ಮೇಲೆ ಹಣ್ಣು ನಮ್ಮದೇ ಆಯಿತು. ವಿದ್ಯೆಯ ವಿಷಯವೂ ಹೀಗೆಯೇ.

ಆ ಗೃಹಸ್ಥರಿಗೆ ನಾವು ಕೊಟ್ಟ ಉತ್ತರವಿಷ್ಟು: “ಈ ವಿದ್ಯೆಯಲ್ಲಿ ಅನ್ನವು ಯಂತ್ರವಿದ್ಯೆಯಷ್ಟು ಸುಲಭವಲ್ಲ; ಅದನ್ನು ಮುಚ್ಚಿಟ್ಟು ಹೇಳಲಾರೆವು. ಹುಡುಗನು ಅದನ್ನು ತಿಳಿದೇ ಹೋಗಲಿ. ಆದರೆ ಹೋಗುವ ಮುನ್ನ ಈ ಕೋಟೆಯನ್ನು ಒಮ್ಮೆ ಸುತ್ತಿ ಬರಲಿ.” 2008ರಿಂದ ದೇವನಹಳ್ಳಿಯ ಬದಿಯಲ್ಲಿಯೇ ವಿಮಾನನಿಲ್ದಾಣವಿದೆ. ಕಡಲನ್ನು ದಾಟುವ ನಮ್ಮ ತರುಣ ತರುಣಿಯರು ಆ ಗೋಡೆಗಳ ಸಮೀಪದಿಂದಲೇ ಹಾರಿಹೋಗುತ್ತಾರೆ. ಅವರು ಯಾರ್ಕ್‌ಟೌನಿನ ಮೈದಾನದಲ್ಲಿ ನಿಂತಾಗ ದೇವನಹಳ್ಳಿಯನ್ನೂ, ಮರಳಿ ಬಂದು ಈ ಕೋಟೆಯ ಬಾಗಿಲಿನಲ್ಲಿ ನಿಂತಾಗ ಯಾರ್ಕ್‌ಟೌನನ್ನೂ ನೆನೆಯುವಂತಾದರೆ ಅವರ ವ್ಯಾಸಂಗವು ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.