ದರ ಹೇಳುವ ಮೊದಲು
(ಶತಮಾನೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷಗಳ ಹಿಂದೆ ಈ ಶಾಲೆಯ ಮೊದಲ ಗಂಟೆ ಮೊಳಗಿದಾಗ ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ನಮ್ಮ ಹಿರಿಯರು ಕೇರಳದ ಪ್ರಜೆಗಳಾದರು. ಆದರೂ ಈ ತರಗತಿಗಳಲ್ಲಿ ಕನ್ನಡದ ಪಾಠ ನಿಲ್ಲಲಿಲ್ಲ. ಆದರೆ ಪ್ರತಿವರ್ಷ ಜೂನ್ ತಿಂಗಳಲ್ಲಿ ಮಕ್ಕಳನ್ನು ಸೇರಿಸಲು ಬರುವ ಹೆತ್ತವರ ಮನಸ್ಸಿನಲ್ಲಿ ಒಂದು ಪ್ರಶ್ನೆಯಿರುತ್ತದೆ: “ಕನ್ನಡದಲ್ಲಿ ಕಲಿತ ಮಗು ಮುಂದೆ ಏನು ದುಡಿದೀತು?” ಈ ಪ್ರಶ್ನೆಗೆ ಅಭಿಮಾನದ ಮಾತುಗಳಿಂದ ಉತ್ತರ ಕೊಡಲು ನಾನು ಬಂದಿಲ್ಲ. ನನ್ನ ಲೆಕ್ಕದ ಪುಸ್ತಕವನ್ನು ನಿಮ್ಮ ಮುಂದೆ ತೆರೆದಿಡಲು ಬಂದಿದ್ದೇನೆ.

ನಾನು ವೆಬ್‌ಸೈಟುಗಳನ್ನು ವಿನ್ಯಾಸ ಮಾಡುವವನು. ಯಾವ ಸಂಸ್ಥೆಯ ನೌಕರನೂ ಅಲ್ಲ. ಮನೆಯ ಜಗಲಿಯ ಪಕ್ಕದ ಕೋಣೆಯೇ ನನ್ನ ಕಚೇರಿ. ನನ್ನ ಮೊದಲ ಕೆಲಸಕ್ಕೆ ಪಡೆದ ಸಂಭಾವನೆ 4,000 ರೂಪಾಯಿ. ಅಂಗಡಿಯೊಂದರ ವೆಬ್‌ಸೈಟ್ ಅದು. ಬಣ್ಣ ಬದಲಿಸಿ, ಚಿತ್ರ ಬದಲಿಸಿ, ಮತ್ತೆ ಹಳೆಯ ಬಣ್ಣವನ್ನೇ ಹಾಕಿ, ಎರಡು ತಿಂಗಳುಗಳಲ್ಲಿ ಸುಮಾರು 130 ಗಂಟೆ ದುಡಿದೆ. ಗಂಟೆಗೆ ಮೂವತ್ತೊಂದು ರೂಪಾಯಿಯೂ ಬೀಳಲಿಲ್ಲ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವರ ಕೂಲಿ ನನ್ನದಕ್ಕಿಂತ ಬಹಳ ಹೆಚ್ಚಾಗಿತ್ತು. ಅದರ ಮುಂದಿನ ಕೆಲಸದಲ್ಲಿ ಅಷ್ಟೂ ಕೈಸೇರಲಿಲ್ಲ. ಎಲ್ಲವೂ ಬಾಯಿಮಾತಿನಲ್ಲೇ ನಡೆದಿದ್ದುದರಿಂದ ಕೇಳಲು ನನ್ನಲ್ಲಿ ಒಂದು ಕಾಗದವೂ ಇರಲಿಲ್ಲ.

ಆಗ ನಾನು ಕಂಡುಕೊಂಡ ಕಾರಣ ಬಹಳ ಸುಲಭದ್ದು. ನಾನು ಕನ್ನಡ ಮಾಧ್ಯಮದವನು, ಇಂಗ್ಲಿಷ್ ತಡವರಿಸುತ್ತದೆ, ಹಳ್ಳಿಯಲ್ಲಿದ್ದೇನೆ. ಆದ್ದರಿಂದ ನನಗೆ ಇಷ್ಟೇ ಸಿಗುವುದು ಎಂದು ನಂಬಿದೆ. ಹಾಗೆ ನಂಬಿದವನು ಕೆಲಸ ಕೇಳುವಾಗಲೆಲ್ಲ ಮೊದಲು ದರವನ್ನೇ ಇಳಿಸುತ್ತಾನೆ. ನಾನೂ ಇಳಿಸಿದೆ. ಅಗ್ಗದ ದರಕ್ಕೆ ಬಂದ ಗ್ರಾಹಕರು ಇನ್ನೂ ಅಗ್ಗದವರು ಸಿಕ್ಕಿದೊಡನೆ ಹೊರಟುಹೋದರು.

ನನ್ನ ತಿಳಿವಳಿಕೆಯನ್ನು ತಿದ್ದಿದವರು ನನ್ನ ತಂದೆ. ಅಂಗಳದಲ್ಲಿ ಅಡಿಕೆಯನ್ನು ಗ್ರೇಡು ಮಾಡುತ್ತಿದ್ದ ಅವರು ನನ್ನ ಗೋಳನ್ನೆಲ್ಲ ಕೇಳಿ ಹೀಗೆಂದರು: “ಪಟೋರ, ಕೋಕ, ಉಳ್ಳಿಗಡ್ಡೆ ಎಲ್ಲವನ್ನೂ ಒಳ್ಳೆಯದರ ಜೊತೆ ಒಂದೇ ಗೋಣಿಗೆ ತುಂಬಿಸಿ ಕೊಂಡುಹೋದರೆ ವ್ಯಾಪಾರಿ ಯಾವುದರ ದರ ಕೊಡುತ್ತಾನೆ? ಕೋಕದ್ದೇ ಕೊಡುತ್ತಾನೆ. ನೀನು ಮಾಡುತ್ತಿರುವುದೂ ಅದನ್ನೇ.” ಅಡಿಕೆ ಬೆಳೆಗಾರರ ಮಕ್ಕಳಾದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ತೋಟದ ಅಡಿಕೆಗೆ ಒಂದೇ ದಿನ ಹಲವು ದರಗಳಿರುತ್ತವೆ. ನಾನು ಸಿಕ್ಕಿದ ಕೆಲಸವನ್ನೆಲ್ಲ ಒಪ್ಪಿ, ಯಾವುದು ನನ್ನ ಉತ್ತಮ ಕೆಲಸ, ಅದು ಯಾರಿಗೆ ಬೇಕು ಎಂಬುದನ್ನು ಯೋಚಿಸದೆ, ಗೋಣಿ ಕಟ್ಟಿದ್ದೆ.

ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಗ್ರಾಹಕನ ವ್ಯವಹಾರವನ್ನು ಕೇಳಿ ತಿಳಿಯದೆ ದರ ಹೇಳಕೂಡದು. ಬೇಕಲದ ಹತ್ತಿರ ಹೋಂಸ್ಟೇ ನಡೆಸುವವರೊಬ್ಬರು “ಐದು ಪುಟದ ವೆಬ್‌ಸೈಟಿಗೆ ಎಷ್ಟು?” ಎಂದು ಕೇಳಿದರು. ಹಿಂದಿನ ನಾನಾಗಿದ್ದರೆ ಪುಟಕ್ಕೆ ಸಾವಿರ ಎನ್ನುತ್ತಿದ್ದೆ. ಈ ಬಾರಿ, ಅತಿಥಿಗಳು ಯಾವ ದಾರಿಯಿಂದ ಬರುತ್ತಾರೆ ಎಂದು ಕೇಳಿದೆ. ಬಹುತೇಕರು ಪ್ರವಾಸದ ಆ್ಯಪ್‌ಗಳ ಮೂಲಕ ಬರುತ್ತಿದ್ದರು. ಅವಕ್ಕೆ ಅವರು ನೂರಕ್ಕೆ ಹದಿನೆಂಟು ರೂಪಾಯಿ ಕಮಿಷನ್ ಕೊಡುತ್ತಿದ್ದರು. ವರ್ಷಕ್ಕೆ ಸುಮಾರು 200 ಕೋಣೆ ಬುಕಿಂಗ್, ಒಂದಕ್ಕೆ 3,000 ರೂಪಾಯಿ. ಒಟ್ಟು 6 ಲಕ್ಷ. ಕಮಿಷನ್ 1,08,000 ರೂಪಾಯಿ. ಈ ಅತಿಥಿಗಳಲ್ಲಿ ಕಾಲುಭಾಗ ನೇರವಾಗಿ ಬುಕ್ ಮಾಡಿದರೂ ವರ್ಷಕ್ಕೆ 27,000 ಉಳಿಯುತ್ತದೆ ಎಂದು ಅವರೆದುರಿಗೇ ಕಾಗದದ ಮೇಲೆ ಬರೆದು ತೋರಿಸಿದೆ. ಬಳಿಕ 40,000 ರೂಪಾಯಿ ಕೇಳಿದೆ. ಹೇಳುವಾಗ ನಾಲಿಗೆ ಒಣಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಅವರು ಎರಡು ದಿನ ಯೋಚಿಸಿ ಒಪ್ಪಿದರು.

ಆ ಹಣಕ್ಕೆ ತಕ್ಕ ಕೆಲಸವನ್ನೂ ಮಾಡಬೇಕಿತ್ತು. ಕ್ಯಾಮೆರಾದಿಂದ ಬಂದ ಭಾರವಾದ ಚಿತ್ರಗಳನ್ನು ಮೊಬೈಲಿನಲ್ಲಿ ತಡವಿಲ್ಲದೆ ತೆರೆಯುವಷ್ಟು ಹಗುರ ಮಾಡಿದೆ. ಫೋನ್ ಸಂಖ್ಯೆಯನ್ನು ಒತ್ತಿದರೆ ಕರೆ ಹೋಗುವಂತೆ ಮಾಡಿದೆ. ಮಲಯಾಳ, ಕನ್ನಡ, ಇಂಗ್ಲಿಷ್ ಮೂರರಲ್ಲೂ ವಿವರ ಬರೆದೆ. ಮೊದಲ ವರ್ಷ ನೇರವಾಗಿ ಬಂದ ಬುಕಿಂಗ್ 40. ಉಳಿದದ್ದು 21,600 ರೂಪಾಯಿ. ನಾನು ಅಂದಾಜು ಮಾಡಿದ್ದಕ್ಕಿಂತ ಕಡಿಮೆ. ಅದನ್ನು ನಾನಾಗಿಯೇ ಹೋಗಿ ಒಪ್ಪಿಕೊಂಡೆ. ಅವರು ಬೇಸರಿಸಲಿಲ್ಲ, ಅದೇ ವಾರ ತಮ್ಮ ಪರಿಚಯದ ಇನ್ನೊಬ್ಬರನ್ನು ನನ್ನ ಬಳಿಗೆ ಕಳುಹಿಸಿದರು. ಹೆಚ್ಚು ಸಂಭಾವನೆ ಕೊಡುವ ಗ್ರಾಹಕರು ಹೀಗೆ ಒಬ್ಬರ ಮಾತಿನಿಂದ ಇನ್ನೊಬ್ಬರು ಬರುವುದೇ ಹೆಚ್ಚು.

ಎರಡನೆಯ ಪಾಠವನ್ನು ನನಗೆ ಕಲಿಸಿದ್ದು ಕನ್ನಡದ ಒತ್ತಕ್ಷರ. ಗಡಿಯಾಚೆಯ ಪುಸ್ತಕ ಪ್ರಕಾಶಕರೊಬ್ಬರ ವೆಬ್‌ಸೈಟನ್ನು ನೋಡುತ್ತಿದ್ದೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲೇ ಕನ್ನಡವನ್ನೂ ಕೂರಿಸಿದ್ದರು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. ಶೀರ್ಷಿಕೆಗಳೆಲ್ಲ ಚಿತ್ರಗಳಾಗಿದ್ದವು. ಪುಸ್ತಕದ ಹೆಸರನ್ನು ಯುನಿಕೋಡ್ ಅಕ್ಷರಗಳಲ್ಲಿ ಬರೆಯದೆ ಚಿತ್ರವಾಗಿ ಹಾಕಿದರೆ, ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕುವ ಓದುಗನಿಗೆ ಆ ಪುಸ್ತಕ ಸಿಗುವುದು ಕಷ್ಟ. ಈ ದೋಷಗಳನ್ನು, ತಿದ್ದಿದ ಒಂದು ಪುಟದ ಮಾದರಿಯೊಡನೆ, ಒಂದೇ ಹಾಳೆಯ ಪತ್ರದಲ್ಲಿ ವಿನಯದಿಂದ ಬರೆದು ಕಳುಹಿಸಿದೆ. ಮೂರು ತಿಂಗಳ ನಂತರ ಕರೆ ಬಂತು. ಆ ಕೆಲಸದ ಸಂಭಾವನೆ 1,60,000 ರೂಪಾಯಿ. ನನಗಿಂತ ಚೆನ್ನಾಗಿ ವಿನ್ಯಾಸ ಮಾಡುವವರು ನಗರಗಳಲ್ಲಿ ಬೇಕಾದಷ್ಟಿದ್ದಾರೆ. ಆದರೆ ಸಾಲುಗಳು ಒಂದಕ್ಕೊಂದು ತಾಗುವುದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಒಂದನೆಯ ತರಗತಿಯಲ್ಲಿ ಒತ್ತನ್ನು ಸರಿಯಾದ ಜಾಗದಲ್ಲಿ ಬರೆಯದಿದ್ದರೆ ಸ್ಲೇಟನ್ನು ಒರೆಸಿ ಮತ್ತೆ ಬರೆಯಿಸುತ್ತಿದ್ದ ಟೀಚರ್ ಇಂದು ಈ ಸಭೆಯಲ್ಲಿದ್ದಾರೆ. ನಾನು ಕೊರತೆಯೆಂದು ತಿಳಿದಿದ್ದುದೇ ನನ್ನ ಗೋಣಿಯ ಉತ್ತಮ ಅಡಿಕೆಯಾಗಿತ್ತು.

ಈ ವೃತ್ತಿಗೆ ಬರಲಿಚ್ಛಿಸುವ ಯುವಕ ಯುವತಿಯರಿಗೆ ಇನ್ನು ಕೆಲವು ವ್ಯಾವಹಾರಿಕ ಮಾತುಗಳು. ಇಪ್ಪತ್ತು ಕೆಲಸಗಳ ಚಿತ್ರ ತೋರಿಸುವ ಬದಲು ಮೂರು ಕೆಲಸಗಳ ಕಥೆ ಹೇಳಿರಿ: ಗ್ರಾಹಕನ ತೊಂದರೆ ಏನಿತ್ತು, ನೀವೇನು ಮಾಡಿದಿರಿ, ಆಮೇಲೆ ಏನಾಯಿತು. ಕೆಲಸ ಹಿಡಿಯುವ ಮೊದಲು ಕರಾರು ಬರೆಯಿರಿ. ಎಷ್ಟು ಪುಟ, ಎಷ್ಟು ಬಾರಿ ತಿದ್ದುಪಡಿ, ವಿವರಗಳನ್ನು ಯಾರು ಯಾವಾಗ ಒದಗಿಸಬೇಕು, ವರ್ಷದ ನಿರ್ವಹಣೆಗೆ ಎಷ್ಟು ಎಂಬುದೆಲ್ಲ ಅದರಲ್ಲಿರಲಿ. ನಾನು ನೂರರಲ್ಲಿ ನಲವತ್ತು ಮುಂಗಡ, ಮೂವತ್ತು ಮಾದರಿ ಒಪ್ಪಿಗೆಯಾದಾಗ, ಮೂವತ್ತು ಕೊನೆಯಲ್ಲಿ ಪಡೆಯುತ್ತೇನೆ. ವೆಬ್‌ಸೈಟಿನ ವಿಳಾಸವನ್ನು ಗ್ರಾಹಕನ ಹೆಸರಿನಲ್ಲೇ ನೋಂದಾಯಿಸಿರಿ. ಅದನ್ನು ನಿಮ್ಮ ಕೈಯಲ್ಲಿಟ್ಟು ಅವರನ್ನು ಕಟ್ಟಿಹಾಕುವುದು ಸಲ್ಲದು. ದರ ಹೆಚ್ಚಾಯಿತು ಎಂದರೆ ಕೆಲಸವನ್ನು ಕಡಿಮೆ ಮಾಡಿ ದರ ಇಳಿಸಿರಿ. ಅದೇ ಕೆಲಸಕ್ಕೆ ದರ ಇಳಿಸಿದರೆ ಮೊದಲು ಹೇಳಿದ ದರ ಸುಳ್ಳೆಂದು ನೀವೇ ಒಪ್ಪಿದಂತೆ. ಹಳೆಯ ಗ್ರಾಹಕರನ್ನೆಲ್ಲ ಒಮ್ಮೆಲೇ ಬಿಡಬೇಡಿರಿ. ಹೊಸಬರಿಗೆ ಹೊಸ ದರ ಹೇಳಿ; ಕೈತುಂಬ ಕೆಲಸವಾದ ಮೇಲೆ ಹಳಬರಿಗೆ ಮೊದಲೇ ತಿಳಿಸಿ ಏರಿಸಿರಿ. ಆರು ತಿಂಗಳ ಖರ್ಚಿಗಾಗುವಷ್ಟು ಉಳಿತಾಯವಿರಲಿ; ಅದಿಲ್ಲದವನಿಗೆ “ಈ ಕೆಲಸ ಆಗದು” ಎಂದು ಹೇಳುವ ಧೈರ್ಯ ಬಾರದು.

ಹೆತ್ತವರಲ್ಲಿ ಒಂದು ಮಾತು. ಇಂಗ್ಲಿಷ್ ಬೇಡವೆಂದು ನಾನು ಹೇಳಲಾರೆ. ನಾನು ಅದನ್ನು ಕಷ್ಟಪಟ್ಟು ಕಲಿತೆ, ಈಗಲೂ ಕಲಿಯುತ್ತಿದ್ದೇನೆ. ದೂರದ ಗ್ರಾಹಕರೊಡನೆ ಅದರಲ್ಲೇ ವ್ಯವಹರಿಸುತ್ತೇನೆ. ಆದರೆ ನನ್ನ ಅನ್ನದ ಮುಖ್ಯ ಸಾಧನ, ಇನ್ನೊಬ್ಬರು ಅರ್ಧ ಗಂಟೆ ಮಾತಾಡಿದ್ದನ್ನು ಹತ್ತು ಸಾಲಿನಲ್ಲಿ ಬರೆದು “ನೀವು ಹೇಳಿದ್ದು ಇದೇ ತಾನೆ?” ಎಂದು ಕೇಳುವ ಅಭ್ಯಾಸ. ಗ್ರಾಹಕರು ನನ್ನನ್ನು ನಂಬುವುದು ಆ ಹತ್ತು ಸಾಲುಗಳನ್ನು ಓದಿ. ಅದನ್ನು ನಾನು ಯಾವ ತರಬೇತಿ ಕೇಂದ್ರದಲ್ಲೂ ಕಲಿತದ್ದಲ್ಲ. ಗದ್ಯಭಾಗವನ್ನು ಮೂರನೆಯ ಒಂದಕ್ಕೆ ಇಳಿಸಿ ಸಾರಾಂಶ ಬರೆಯಿರಿ ಎಂದು ಎಂಟನೆಯ ತರಗತಿಯಲ್ಲಿ ನಮ್ಮ ಕನ್ನಡ ಮಾಷ್ಟ್ರು ವಾರವಾರ ಬರೆಯಿಸುತ್ತಿದ್ದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ ಮಾತಾಡುತ್ತ ಬೆಳೆದ ನಮ್ಮ ಮಕ್ಕಳಿಗೆ ಎದುರಿಗಿದ್ದವರ ಭಾಷೆಗೆ ಕಿವಿಗೊಡುವುದು ಹೊಸದಲ್ಲ. ಮಗು ತನ್ನ ಭಾಷೆಯಲ್ಲಿ ಸ್ಪಷ್ಟವಾಗಿ ಯೋಚಿಸಲು ಕಲಿತರೆ ಉಳಿದುದನ್ನು ಅದರ ಮೇಲೆ ಕಟ್ಟಬಹುದು.

ಕೊನೆಯದಾಗಿ, ಶತಮಾನೋತ್ಸವ ಸಮಿತಿಯವರು ಶಾಲೆಗೆ ಒಂದು ವೆಬ್‌ಸೈಟ್ ಬೇಕೆಂದು, “ಸ್ವಲ್ಪ ಕಡಿಮೆಯಲ್ಲಿ ಮಾಡಿಕೊಡಬಹುದೇ?” ಎಂದು ಸಂಕೋಚದಿಂದ ಕೇಳಿದರು. ಕಡಿಮೆಗೆ ಮಾಡಲಾರೆನೆಂದೆ. ಎಲ್ಲ ಗ್ರಾಹಕರಿಗೂ ಬರೆಯುವಂತೆ ಕರಾರು ಬರೆದು, ಪೂರ್ಣ ದರ 60,000 ಎಂದು ನಮೂದಿಸಿ, ಅದರ ಕೆಳಗೆ ‘ಗುರುದಕ್ಷಿಣೆಯಾಗಿ ಸಂದಿದೆ’ ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಆ ಕೆಲಸದಲ್ಲಿ ಸೇರಿ ಕಲಿಯಲು ಇಚ್ಛಿಸುವ ಒಂಬತ್ತು, ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಬರುವ ಶನಿವಾರ ಕಂಪ್ಯೂಟರ್ ಕೋಣೆಗೆ ಬರಬಹುದು. ನಾನು ಅಲ್ಲಿರುತ್ತೇನೆ.