ಎರೆನೆಲದಲ್ಲೊಂದು ಕೇಪಳದ ಕುಂಡ

ವರ್ಗವಾಗಿ ಹೋಗುವವರ ಮನೆಸಾಮಾನಿನ ಲಾರಿಯನ್ನು ತಾವು ನೋಡಿರಬಹುದು. ಮಂಚ, ಕಪಾಟು, ಪಾತ್ರೆಪಡಗಗಳೆಲ್ಲ ಏರಿದ ಮೇಲೆ, ಹಿಂಬದಿಯ ಮೂಲೆಯಲ್ಲಿ ಒಂದೆರಡು ಹೂಕುಂಡಗಳಿಗೆ ಹೇಗೋ ಸ್ಥಳ ದೊರೆಯುತ್ತದೆ. ಆಲಮಟ್ಟಿಯಲ್ಲಿ 1964ರಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಶಂಕುಸ್ಥಾಪನೆಯಾದ ನಂತರದ ದಶಕಗಳಲ್ಲಿ, ಕಾಲುವೆಯ ಕೆಲಸಕ್ಕೆಂದು ನಾಡಿನ ನಾನಾ ಮೂಲೆಗಳ ಜನ ಶಹಾಪುರದ ಬಳಿಯ ಭೀಮರಾಯನಗುಡಿಗೆ ಬಂದು ನೆಲಸಿದರು. ನಮ್ಮ ಲಾರಿಯಲ್ಲಿ ಬಂದದ್ದು ಒಂದು ಕೇಪಳದ ಗಿಡ. ಉಡುಪಿಯ ಕಡೆಯ ತವರಿನ ಹಿತ್ತಿಲಿನಿಂದ ನನ್ನ ತಾಯಿ ಕಿತ್ತುಕೊಟ್ಟದ್ದು. ಆ ಹಿತ್ತಿಲು ಈಗ ಇಲ್ಲ, ತಾಯಿಯೂ ಇಲ್ಲ.

ಮೊದಲ ವರ್ಷ ಗಿಡ ಕೆಂಪಾಗಿ ಹೂ ಬಿಟ್ಟಿತು. ಕುಂಡ ಸಾಲದೆಂದು ಸಿಮೆಂಟಿನ ದೊಡ್ಡ ತೊಟ್ಟಿಯೊಂದನ್ನು ತರಿಸಿ, ಪಕ್ಕದ ಹೊಲದ ಎರೆಮಣ್ಣನ್ನು ತುಂಬಿದೆ. ಇಷ್ಟು ಫಲವತ್ತಾದ ಕಪ್ಪು ಮಣ್ಣು ಕರಾವಳಿಯಲ್ಲಿ ಕಂಡವರುಂಟೇ ಎಂಬ ಉತ್ಸಾಹ! ಎರಡೇ ತಿಂಗಳಲ್ಲಿ ಚಿಗುರೆಲೆಗಳು ಹಳದಿಯಾದವು. ನರಗಳು ಮಾತ್ರ ಹಸಿರು. ಆಹಾರ ಸಾಲದೇನೋ ಎಂದು ಗೊಬ್ಬರ ಹಾಕಿದೆ, ನೀರು ಹೆಚ್ಚಿಸಿದೆ. ಎಲೆಗಳು ಬಿಳುಪೇರಿ ಅಂಚು ಸುಟ್ಟವು. ಹಾಲು ಕೊಡಲು ಬರುತ್ತಿದ್ದ ಮುದುಕಿ ಒಂದು ದಿನ ನೋಡಿ, "ಎರಿ ಮಣ್ಣಿನ್ಯಾಗ ಜ್ವಾಳ ಬೆಳೀತದರಿ, ಹತ್ತಿ ಬೆಳೀತದರಿ. ಈ ಹೂವಿಗೆ ಮಸಾರಿ ಹಾಕ್ರಿ ಸಾಹೇಬರ" ಎಂದಳು. ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ಎರೆಮಣ್ಣಿನಲ್ಲಿ ಕಬ್ಬಿಣವಿಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಈ ಸೀಮೆಯ ಎರೆಯಲ್ಲಿ ಸಾಮಾನ್ಯವಾಗಿ ಸುಣ್ಣದ ಅಂಶವೂ ಬೆರೆತಿರುತ್ತದೆ. ಮಣ್ಣಿನ ಹುಳಿ-ಕ್ಷಾರಗಳನ್ನು ಅಳೆಯುವ ರಸಸಾರದ ಮಾನವನ್ನು 1909ರಲ್ಲಿ ಡೆನ್ಮಾರ್ಕಿನ ಸೊರೆನ್‌ಸೆನ್ ರೂಪಿಸಿದರು. ಅದರಲ್ಲಿ 7 ಸಮಸ್ಥಿತಿ. ನಮ್ಮ ಎರೆ ಬಹುಮಟ್ಟಿಗೆ 8ರ ಮೇಲಿರುತ್ತದೆ. ಕೇಪಳ, ಗಂಧರಾಜಗಳಿಗೆ ಹಿತವಾದದ್ದು ಐದೂವರೆಯಿಂದ ಆರೂವರೆಯ ಒಳಗೆ. ಅಂತರ ಅಲ್ಪವೆಂದು ತೋರೀತು. ಆದರೆ ರಸಸಾರ ಒಂದು ಅಂಕ ಏರಿದರೆ ಮಣ್ಣಿನ ನೀರಿನಲ್ಲಿ ಕರಗಿರುವ ಕಬ್ಬಿಣದ ಅಯಾನು ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಉಗ್ರಾಣ ತುಂಬಿದೆ, ಬಾಗಿಲಿಗೆ ಬೀಗ ಬಿದ್ದಿದೆ. ಜೋಳಕ್ಕೆ ಆ ಬೀಗ ತೆರೆಯುವ ಉಪಾಯ ತಿಳಿದಿದೆ, ಮಲೆಯ ಗಿಡಕ್ಕೆ ತಿಳಿಯದು.

ಹಾಗಾದರೆ ಎರೆಗೇ ಗಂಧಕ ಬೆರೆಸಿ ಹುಳಿಯಾಗಿಸಬಾರದೇಕೆ ಎಂದು ಕೇಳಬಹುದು. ನಾನೂ ಲೆಕ್ಕ ಹಾಕಿ ನೋಡಿದೆ. ಹತ್ತು ಕಿಲೋ ಮಣ್ಣಿನಲ್ಲಿ ನೂರಕ್ಕೆ 5ರಷ್ಟು ಸುಣ್ಣವಿದ್ದರೆ ಅದು ಅರ್ಧ ಕಿಲೋ. ಅದನ್ನು ಕರಗಿಸುವುದಕ್ಕೇ 160 ಗ್ರಾಂ ಗಂಧಕ ಬೇಕು. ಮಣ್ಣು ಹುಳಿಯಾಗುವ ಮಾತು ಅದಾದ ಮೇಲೆ. ಅದೂ ಸೂಕ್ಷ್ಮಜೀವಿಗಳು ಗಂಧಕವನ್ನು ಆಮ್ಲವಾಗಿಸುವವರೆಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಯಬೇಕು. ಹೊಲವನ್ನು ಬದಲಿಸಲಾಗದು, ಕುಂಡದ ಮಣ್ಣನ್ನು ಬದಲಿಸಬಹುದು. ಕುಂಡವೆಂಬುದರ ಲಾಭವೇ ಅದು.

ಶಹಾಪುರ, ಸುರಪುರಗಳ ಬೆಣಚುಕಲ್ಲಿನ ಗುಡ್ಡಗಳ ಬುಡದಲ್ಲಿ ಮಸಾರಿ ಸಿಗುತ್ತದೆ. ಮುದುಕಿ ಹೇಳಿದ್ದು ಅದನ್ನೇ. ಆದರೂ ಪರೀಕ್ಷಿಸದೆ ತುಂಬಬೇಡಿ. ಒಣಗಿದ ಹೆಂಟೆಯ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆಯೆದ್ದು ಸೊಂಯ್ ಎಂದರೆ ಸುಣ್ಣವಿದೆ, ಬಿಟ್ಟುಬಿಡಿ. ಮರಳಿಗೂ ಇದೇ ಪರೀಕ್ಷೆ. ನೊರೆ ಬಾರದಿದ್ದರೆ ಮಣ್ಣು ಹುಳಿಯೆಂದು ಅರ್ಥವಲ್ಲ, ಸುಣ್ಣದ ಕಾಟ ಕಡಿಮೆಯೆಂದಷ್ಟೆ. ನಿಖರವಾದ ಅಂಕ ಬೇಕಾದವರು ಮಣ್ಣು ಪರೀಕ್ಷಾ ಕೇಂದ್ರಕ್ಕೆ ಕೊಡಬೇಕು. ನನ್ನ ಅಳತೆ ಹೀಗಿದೆ: ಮಸಾರಿ ಎರಡು ಬುಟ್ಟಿ, ತೆಂಗಿನ ನಾರಿನ ಪುಡಿ ಎರಡು, ಚೆನ್ನಾಗಿ ಕೊಳೆತ ಎಲೆಗೊಬ್ಬರ ಒಂದು, ದಪ್ಪ ಮರಳು ಅರ್ಧ. ನಾರಿನ ಪುಡಿಯಲ್ಲಿ ಉಪ್ಪಿರುವುದುಂಟು. ಎರಡು ಮೂರು ಬಾರಿ ನೆನೆಸಿ ಹಿಂಡಬೇಕು. ಕಾಲುವೆ ಬಂದ ಮೇಲೆ ಇಲ್ಲಿ ಭತ್ತವೂ ಬಂತು, ಅಕ್ಕಿ ಗಿರಣಿಯ ಹೊಟ್ಟೂ ಬಂತು. ಹಸಿ ಹೊಟ್ಟನ್ನು ಒಂದು ಹಿಡಿ ಸೇರಿಸಿದರೆ ಮಣ್ಣು ಬಿಗಿಯದು. ಸುಟ್ಟ ಬೂದಿಯನ್ನು ಮಾತ್ರ ಬೆರೆಸಕೂಡದು, ಅದು ಕ್ಷಾರ. ಹೊಸ ಸಿಮೆಂಟಿನ ತೊಟ್ಟಿಯೂ ಸುಣ್ಣವನ್ನು ಒಸರುತ್ತದೆ; ಕುಂಬಾರನ ಕುಂಡವೇ ಲೇಸು. ಚಹದ ಗಸಿ, ನಿಂಬೆಸಿಪ್ಪೆಗಳ ಮಹಿಮೆಯನ್ನು ಬಹಳ ಮಂದಿ ಕೊಂಡಾಡುತ್ತಾರೆ. ಅವು ಗೊಬ್ಬರವಾದಾವು, ಮಣ್ಣಿನ ಸ್ವಭಾವವನ್ನು ತಿದ್ದಲಾರವು.

ಇನ್ನು ಅನ್ನಭೇದಿ. ಲೀಟರಿಗೆ ಐದು ಗ್ರಾಂ ಕರಗಿಸಿ, ಸ್ವಲ್ಪ ನಿಂಬೆರಸ ಹಿಂಡಿ, ಸಂಜೆ ಎಲೆಗಳಿಗೆ ಸಿಂಪಡಿಸಿದರೆ ಕೆಲವು ದಿನಗಳಲ್ಲಿ ಹಸಿರು ಮರಳುತ್ತದೆ. ಎರೆಮಣ್ಣಿಗೇ ಸುರಿದರೆ ತುಕ್ಕಾಗಿ ಕೂರುತ್ತದೆ. ಸಿಂಪಡಣೆ ತಾತ್ಕಾಲಿಕ; ಮುಂದಿನ ಚಿಗುರು ಮಣ್ಣನ್ನೇ ನಂಬಿರುತ್ತದೆ.

ತಾಯಿ ಕೊಟ್ಟ ಗಿಡ ಉಳಿಯಲಿಲ್ಲ. ಒಣಗುವ ಮುನ್ನ ಕತ್ತರಿಸಿಟ್ಟ ಐದು ಕಡ್ಡಿಗಳಲ್ಲಿ ಒಂದು ಬೇರುಬಿಟ್ಟಿತು. ಅದೀಗ ಮಸಾರಿಯ ಕುಂಡದಲ್ಲಿದೆ. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಹಂಡೆಯಲ್ಲಿ ಹಿಡಿದಿಟ್ಟು ಅದಕ್ಕೇ ಹಾಕುತ್ತೇವೆ. ಬೇಸಿಗೆಯಲ್ಲಿ ಕೊಳವೆ ಬಾವಿಯ ಗಡಸು ನೀರು ಅನಿವಾರ್ಯ. ಆ ನೀರು ದಿನದಿನಕ್ಕೂ ಒಂದಿಷ್ಟು ಸುಣ್ಣವನ್ನು ಇಳಿಸಿಹೋಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ, ಮೃಗಶಿರದ ಮಳೆ ಬಿದ್ದ ಮೇಲೆ, ಹಳೆಯ ಮಣ್ಣು ಕೊಡವಿ ಹೊಸದನ್ನು ತುಂಬುತ್ತೇನೆ. ಮಸಾರಿಯನ್ನು ಈಗ ಆ ಮುದುಕಿಯ ಮೊಮ್ಮಗನೇ ಚೀಲದಲ್ಲಿ ತಂದುಕೊಡುತ್ತಾನೆ.